ಅರ್ಧಕ್ಕೆ ನಿಂತ ಹರಳು

“ಅತ್ತೆ, ಎರಡನ್ನೂ ಸರಿಯಾಗಿ ನೋಡಿ. ಇದ್ರಲ್ಲಿ ನನ್ನದು ಯಾವುದು, ಹೇಳಿ.”

ಧನ್ಯಾ ಕಂಪ್ಯೂಟರ್ ಪರದೆಯನ್ನು ಪ್ರೇಮಕುಮಾರಿಯ ಕಡೆಗೆ ತಿರುಗಿಸಿದಳು. ಎಡಕ್ಕೊಂದು, ಬಲಕ್ಕೊಂದು ಹರಳಿನ ಚಿತ್ರ ಮೆಲ್ಲಗೆ ಸುತ್ತುತ್ತಿತ್ತು. ಹಸಿರು ಗುಂಡುಗಳು, ಅವುಗಳನ್ನು ಹಿಡಿದ ಕಡ್ಡಿಗಳು. ಹನ್ನೆರಡು ಹನ್ನೆರಡು ಗುಂಡುಗಳು ಸೇರಿ ಒಂದೊಂದು ಪಂಜರ. ಪಂಜರಗಳ ಸಾಲಿನ ನಡುವೆ ಅಲ್ಲಲ್ಲಿ ಒಂದು ಜೋಡಿ.

ಪ್ರೇಮಕುಮಾರಿ ಕನ್ನಡಕ ಮೇಲೇರಿಸಿ ಬಗ್ಗಿದಳು. ಸರ್ಕಲ್ ಇನ್ಸ್‌ಪೆಕ್ಟರ್ ಆಗಿ ನಿವೃತ್ತಳಾದ ಹೆಂಗಸು. ಖೋಟಾ ಸಹಿ, ಖೋಟಾ ನೋಟು ಎಷ್ಟೋ ನೋಡಿದ ಕಣ್ಣು. ಆದರೂ ಸೋತಿತು.

“ಎರಡೂ ಒಂದೇ ಥರ ಇವೆಯಲ್ಲೇ!”

“ಅದೇ ಅಲ್ವಾ ನನ್ನ ತಲೆನೋವು.”

ಬಸವಪ್ರಸಾದ್ ಎಂಬ ಸಂಶೋಧಕನ ಹೆಸರಿನಲ್ಲಿ ಈ ಹರಳು ಧನ್ಯಾಳಿಗಿಂತ ಮೊದಲೇ ಪ್ರಕಟವಾಗಿ, ಕದ್ದವಳು ಇವಳೇ ಎಂಬ ದೂರು ಅವಳ ಸಂಸ್ಥೆಯ ಸಮಿತಿಯ ಮುಂದೆ ಬಿದ್ದಿತ್ತು. ದೂರು ಕೊಟ್ಟವರು ಯಾರೆಂದು ಸಂಸ್ಥೆ ಹೇಳಿರಲಿಲ್ಲ. ನಾಳೆ ಬೆಳಿಗ್ಗೆ ಅವಳು ಉತ್ತರ ಕೊಡಬೇಕು.

ಪ್ರೇಮಕುಮಾರಿಯ ಅಣ್ಣ ರುದ್ರಪ್ಪನ ಒಬ್ಬಳೇ ಮಗಳು ಧನ್ಯಾ. ಕಾಲೇಜು ಓದುವಾಗ ಚಿಕ್ಕಮಗಳೂರಿನಲ್ಲಿ ಅತ್ತೆಯ ಮನೆಯಲ್ಲೇ ಬೆಳೆದವಳು. ಮಕ್ಕಳಿಲ್ಲದ ಪ್ರೇಮಕುಮಾರಿಗೂ ಗಂಡ ಚನ್ನಬಸವನಿಗೂ ಅವಳು ಸೀನಿದರೆ ನೆಗಡಿಯಾಗುತ್ತಿತ್ತು. ಈಗಲೂ ಅವಳ ಲೆಕ್ಕದ ಯಂತ್ರ ಇದ್ದದ್ದು ಚನ್ನಬಸವನ ಕಾಫಿಪುಡಿ ಅಂಗಡಿಯ ಮೇಲಿನ ಈ ಕೋಣೆಯಲ್ಲೇ. ಸಂಸ್ಥೆಯ ದೊಡ್ಡ ಕಂಪ್ಯೂಟರಿಗೆ ಸರದಿ ಕಾಯಲಾರದೆ, ಹಳೆಯ ಭಾಗಗಳನ್ನು ತಂದು ಅವಳೇ ಒಂದನ್ನು ಜೋಡಿಸಿಕೊಂಡಿದ್ದಳು. ಹುರಿದ ಕಾಫಿಯ ಸಿಪ್ಪೆ ಹಾರಿ ಅದರೊಳಗೆ ಹೋದೀತೆಂದು ಚನ್ನಬಸವ ಹೆಂಡತಿಯ ಹಳೆಯ ಕಾಟನ್ ಸೀರೆಯನ್ನು ಬಾಗಿಲಿಗೆ ಪರದೆ ಕಟ್ಟಿದ್ದ. ಯಂತ್ರ ದೊಡ್ಡ ಲೆಕ್ಕಕ್ಕೆ ಕೂತ ದಿನ ಲೈಟು ಮಂಕಾದರೆ, ಗಿರಾಕಿ ಎದುರಿಗಿದ್ದರೂ ಪುಡಿ ಮಾಡುವ ಮಿಷನ್ ನಿಲ್ಲಿಸಿಬಿಡುತ್ತಿದ್ದ. “ಸ್ವಲ್ಪ ಕಾಯ್ರಿ, ಮೇಲೆ ನಮ್ಮ ಹುಡುಗಿ ಬೋರಾನ್ ಮಾಡ್ತಿದಾಳೆ” ಎಂಬ ಅವನ ಮಾತು ಪೇಟೆಯಲ್ಲೆಲ್ಲ ಪ್ರಸಿದ್ಧ.

ಈಗಲೂ ಅವನು ಸೀರೆಯ ಪರದೆ ಸರಿಸಿಕೊಂಡು ಮೂರು ಲೋಟ ಕಾಫಿ ಹಿಡಿದು ಬಂದ.

“ತೋಟದವ್ರು ಕಾಯಿ ಕಚ್ಚಲಿ ಅಂತ ಹೊಡೀತಾರಲ್ಲ, ಆ ಬೋರಾನೇ ತಾನೇ ಇದು? ಅದಕ್ಕೆ ಇಷ್ಟೊಂದು ಜಗಳವಾ ಮಾರಾಯ್ತಿ?”

“ಅದೇ ಮಾವ. ಕೇರಂ ಬೋರ್ಡಿನ ಪುಡೀಲೂ ಅದೇ ಇರತ್ತೆ.” ಧನ್ಯಾ ಎರಡು ದಿನದಲ್ಲಿ ಮೊದಲ ಬಾರಿ ನಕ್ಕಳು. “ಆದ್ರೆ ಬೋರಾನ್ ಬರೀ ತಾನೇ ಸೇರಿ ಹರಳು ಕಟ್ಟೋಕೆ ಹೋದ್ರೆ ತುಂಬ ಹಟಮಾರಿ. ಪಕ್ಕದವರ ಕೈ ಹಿಡಿಯೋಕೆ ಬೇಕಾದಷ್ಟು ಎಲೆಕ್ಟ್ರಾನ್ ಅದ್ರ ಹತ್ರ ಇಲ್ಲ. ಅದಕ್ಕೇ ಗುಂಪು ಕಟ್ಕೊಂಡು, ಇದ್ದದ್ದನ್ನೇ ಎಲ್ರೂ ಹಂಚ್ಕೊಂಡು ಬಾಳತ್ತೆ. ಹೇಗೆಲ್ಲ ಗುಂಪು ಕಟ್ಬಹುದು ಅಂತ ಕಂಪ್ಯೂಟರ್ ಸಾವಿರಾರು ಜೋಡಣೆ ಹಾಕಿ ನೋಡತ್ತೆ. ಯಾವುದಕ್ಕೆ ಶಕ್ತಿ ಕಡಿಮೆಯೋ ಅದನ್ನ ಇಟ್ಕೊಂಡು ಉಳಿದದ್ದನ್ನ ಬಿಡ್ತಾ ಹೋಗತ್ತೆ. ಹಾಗೆ ಸಿಕ್ಕಿದ್ದು ಇದು.”

“ಇದನ್ನ ಯಾರಾದ್ರೂ ಕೈಯಲ್ಲಿ ಹಿಡಿದು ನೋಡಿದಾರಾ?” ಪ್ರೇಮಕುಮಾರಿ ಕೇಳಿದಳು.

“ಇಲ್ಲ ಅತ್ತೆ. ಇನ್ನೂ ಲೆಕ್ಕದಲ್ಲಿ ಮಾತ್ರ ಇದೆ. ಆದ್ರೆ ಮಾಡೋಕೆ ಸಾಧ್ಯವಾದ್ರೆ, ಇದ್ರಲ್ಲಿ ಕರೆಂಟು ಲೋಹದಲ್ಲಿ ಹರಿದ ಹಾಗೆ ಹರಿಯತ್ತೆ. ಮಾಮೂಲಿ ಬೋರಾನಿಗೆ ಆ ಗುಣ ಇಲ್ಲ. ಅದೇ ನನ್ನ ಇಡೀ ಥೀಸಿಸ್.”

“ಒಂದೇ ಹರಳು ಇಬ್ರಿಗೂ ಬೇರೆ ಬೇರೆಯಾಗೇ ಸಿಕ್ಕಿರಬಾರದಾ?”

“ಸಿಗಬಹುದು. ಆದ್ರೆ ಹರಳಿಗೆ ಮೊದಲು ಕೊನೆ ಅಂತ ಇಲ್ಲವಲ್ಲ. ಯಾವ ಪರಮಾಣುವಿನಿಂದ ಬೇಕಾದ್ರೂ ಅಳತೆ ಶುರು ಮಾಡ್ಬಹುದು, ಯಾವುದನ್ನ ಬೇಕಾದ್ರೂ ಮೊದಲು ಬರೀಬಹುದು. ಅವನ ಪೇಪರಲ್ಲಿ ಶುರುವಾದ ಜಾಗವೂ ನನ್ನದೇ, ಬರೆದ ಅನುಕ್ರಮವೂ ನನ್ನದೇ.”

ಪ್ರೇಮಕುಮಾರಿ ತಲೆಯಾಡಿಸಿದಳು. “ನಾನೂ ನಿಮ್ಮಮ್ಮನೂ ಒಂದೇ ರಂಗೋಲಿ ಹಾಕಿದ್ರೂ ನಾನು ನಡು ಚುಕ್ಕಿಯಿಂದ ಎಳೀತೀನಿ, ಅತ್ತಿಗೆ ಬಲಗಡೆ ತುದಿಯಿಂದ. ಹಾಗಾದ್ರೆ ಒಬ್ಬರದ್ದನ್ನ ಇನ್ನೊಬ್ರು ನೋಡಿ ಇಳಿಸಿದಾರೆ. ಅಷ್ಟಂತೂ ನಿಜ.”

“ಸಮಿತಿಯೂ ಅಷ್ಟೇ ಹೇಳ್ತಿರೋದು. ಮೊದಲು ಬಂದದ್ದು ಅವನದ್ದು. ಹಾಗಾಗಿ ಕಳ್ಳಿ ನಾನು.”

ಆ ಮಾತಿಗೆ ಚನ್ನಬಸವನ ಮುಖ ಕಪ್ಪಿಟ್ಟಿತು. ಹುಡುಗಿಯ ಕೈಗೆ ಲೋಟ ಕೊಟ್ಟು, “ಬಿಸಿ ಇರೋವಾಗ್ಲೇ ಕುಡಿ” ಎಂದಷ್ಟೇ ಹೇಳಿದ.

ಪ್ರೇಮಕುಮಾರಿ ಪರದೆಯಿಂದ ಕಣ್ಣು ತೆಗೆದಿರಲಿಲ್ಲ.

“ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ವಾ?”

“ಒಂದಿದೆ. ಇಲ್ಲಿ, ಈ ಜೋಡಿ. ಅವನದ್ರಲ್ಲಿ ಸ್ವಲ್ಪ ದೂರ ನಿಂತಿವೆ. ಅದಕ್ಕೇ ಇದು ಲೋಹದ ಥರ ಅಲ್ಲ, ಬರೀ ಸೆಮಿಕಂಡಕ್ಟರ್ ಅಂತ ಬರ್ದಿದಾನೆ. ಲೆಕ್ಕ ಕಳಪೆ, ಅಷ್ಟೇ.”

“ಕಳಪೆಯೋ, ಅರ್ಧಂಬರ್ಧವೋ?”

ಧನ್ಯಾ ಲೋಟ ಕೆಳಗಿಟ್ಟಳು. “ಅಂದ್ರೆ?”

“ನಾನು ಮೂಡಿಗೆರೇಲಿದ್ದಾಗ ಒಂದು ಜೀಪಿನ ತುಂಬ ಕದ್ದ ಕಾಫಿ ಹಿಡ್ದಿದ್ದೆ. ನಾಲ್ಕು ತೋಟದವ್ರು ಬಂದು ನಮ್ಮದು, ನಮ್ಮದು ಅಂದ್ರು. ಮೂಟೆ ಬಿಚ್ಚಿ ನೋಡಿದ್ರೆ ಕಾಫಿ ಪೂರ್ತಿ ಒಣಗಿರಲಿಲ್ಲ, ಕಚ್ಚಿದ್ರೆ ಒಳಗೆ ಹಸಿ. ಆ ದಿನ ಯಾರ ಕಣದಲ್ಲಿ ಅರೆ ಒಣಗಿದ ಕಾಫಿ ಇತ್ತು ಅಂತ ವಿಚಾರಿಸಿದೆ. ಒಬ್ಬರದ್ದೇ ಇದ್ದದ್ದು.” ಅವಳು ಸೊಸೆಯ ಮುಖ ನೋಡಿದಳು. “ನಿನ್ನ ಲೆಕ್ಕ ಯಾವತ್ತಾದ್ರೂ ಪೂರ್ತಿ ಒಣಗೋ ಮುಂಚೆ ನಿಂತಿತ್ತಾ?”

ಧನ್ಯಾ ಬಾಯಿ ತೆರೆಯುವ ಮೊದಲೇ ಚನ್ನಬಸವ ತೊಡೆ ತಟ್ಟಿಕೊಂಡ.

“ಹೂಮಳೆ! ಕಾಫಿ ಹೂ ಬಿಡಿಸೋ ಮಳೆ ಬಂದಾಗ ಗಾಳಿಗೆ ಸಿಲ್ವರ್ ಮರ ಲೈನಿನ ಮೇಲೆ ಬಿದ್ದು ಕರೆಂಟು ಹೋಯ್ತಲ್ಲ! ಯುಪಿಎಸ್ ಕೂಗಿ ಕೂಗಿ ಸುಮ್ಮನಾಯ್ತು. ನಿನಗೆ ಫೋನ್ ಮಾಡಿದ್ನಲ್ಲ ನಾನು!”

ಧನ್ಯಾ ಕೀಲಿಮಣೆಗೆ ಎಗರಿದಳು. ಹರಳಿನ ಲೆಕ್ಕದಲ್ಲಿ ಕೊನೆಯ ಕೆಲಸ ಪರಮಾಣುಗಳನ್ನು ಮೆಲ್ಲ ಮೆಲ್ಲಗೆ ಸರಿಸಿ, ಅವುಗಳ ನೆಮ್ಮದಿಯ ಜಾಗಕ್ಕೆ ಕೂರಿಸುವುದು. ಪ್ರತಿ ಸಲ ಸರಿಸಿದಾಗಲೂ ಯಂತ್ರ ಅವುಗಳ ಜಾಗವನ್ನು ಗುರುತು ಹಾಕಿಕೊಳ್ಳುತ್ತದೆ. ಕರೆಂಟು ಹೋದ ದಿನ ಅವಳು ಊರಿನಲ್ಲಿರಲಿಲ್ಲ. ವಾರದ ಕೊನೆಗೆ ಬಂದು, ನಿಂತಲ್ಲಿಂದ ಮುಂದುವರಿಸಿ ಲೆಕ್ಕ ಮುಗಿಸಿದ್ದಳು. ಆಮೇಲೆ ಆ ಅರ್ಧಕ್ಕೆ ನಿಂತ ಹರಳನ್ನು ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಮುಗಿದ ಮನೆಯಲ್ಲಿ ಕೂತವರು ಕಟ್ಟುವಾಗ ನಿಲ್ಲಿಸಿದ ಸಾರುವೆ ಮರ ನೆನೆಯುತ್ತಾರೆಯೇ?

ಈಗ ಅದನ್ನು ತೆರೆದಳು. ಪಕ್ಕದಲ್ಲಿ ಬಸವಪ್ರಸಾದನ ಪೇಪರಿನ ಅಂಕಿಗಳನ್ನಿಟ್ಟಳು. ಬೆರಳಿಟ್ಟು ಒಂದೊಂದೇ ಸಾಲು ಇಳಿಯುತ್ತ ಹೋದಳು.

“ಅತ್ತೆ.” ಬೆರಳು ಕೊನೆಯ ಸಾಲಿಗೆ ಬಂದಿತ್ತು. “ಕೊನೇ ಅಂಕಿಯವರೆಗೂ ಒಂದೇ. ಅವನು ನನ್ನ ಅರ್ಧ ಲೆಕ್ಕವನ್ನೇ ಪೂರ್ತಿ ಅಂತ ಅಚ್ಚು ಹಾಕಿಸಿದಾನೆ. ನಾನು ಅವನದ್ದನ್ನ ಕದ್ದಿದ್ರೆ ನಡುವಿನ ಈ ಹೆಜ್ಜೆಗಳೆಲ್ಲ ನನ್ನ ಹತ್ರ ಹೇಗಿರತ್ತೆ? ನಾನು ಕದ್ದಿಲ್ಲ ಅತ್ತೆ!”

“ನೀನು ಕದ್ದಿಲ್ಲ ಅಂತ ನನಗೆ ಮೊದ್ಲೇ ಗೊತ್ತಿತ್ತಲ್ಲ ಪುಟ್ಟಿ. ಈಗ ಅವರಿಗೂ ಗೊತ್ತಾಗತ್ತೆ.”

ಹುಡುಗಿ ಅತ್ತೆಯ ಹೆಗಲಿಗೆ ಮುಖ ಒತ್ತಿ ಅತ್ತಳು. ಚನ್ನಬಸವ ಏನು ಮಾಡುವುದೆಂದು ತೋಚದೆ ತನ್ನ ಪಾಲಿನ ಕಾಫಿಯನ್ನೂ ಅವಳ ಮುಂದಿಟ್ಟ.

ಆದರೆ ಸೊಸೆಯ ಬೆನ್ನು ಸವರುತ್ತಿದ್ದ ಪ್ರೇಮಕುಮಾರಿಯ ಕೈ ನಿಧಾನವಾಯಿತು. ಪೊಲೀಸ್ ಬುದ್ಧಿ ಅಷ್ಟು ಹೊತ್ತಿಗಾಗಲೇ ಮುಂದಿನ ಮೆಟ್ಟಿಲಲ್ಲಿತ್ತು.

“ಕರೆಂಟು ಹೋದಾಗಿಂದ ನೀನು ಬರೋವರೆಗೆ ಈ ಯಂತ್ರಕ್ಕೆ ನೆಟ್ ಇತ್ತಾ?”

“ಇಲ್ಲ. ಅದೇ ಮರ ನೆಟ್ಟಿನ ವೈರನ್ನೂ ಹರಿದಿತ್ತು. ನಾನು ಬಂದು, ಲೆಕ್ಕ ಮುಗಿಸಿ, ಆಮೇಲೆ ಸರಿಯಾಗಿದ್ದು.” ಹೇಳುತ್ತಾ ಹೇಳುತ್ತಾ ಧನ್ಯಾಳ ಮುಖದ ಬಣ್ಣ ಇಳಿಯಿತು.

“ನೀನು ಮುಗಿಸಿದ ಮೇಲೆ ಕದ್ದಿದ್ರೆ ಪೂರ್ತಿ ಲೆಕ್ಕವೇ ಸಿಗ್ತಿತ್ತು. ಹಾಗಾದ್ರೆ ಕದ್ದವರು ದೂರದಿಂದ ಕದ್ದಿಲ್ಲ. ಆ ದಿನಗಳಲ್ಲಿ ಯಾರೋ ಈ ಮೆಟ್ಟಿಲು ಹತ್ತಿ ಬಂದಿದಾರೆ.” ಪ್ರೇಮಕುಮಾರಿ ಗಂಡನ ಕಡೆ ತಿರುಗಿದಳು. “ಕೀಲಿ ನಿಮ್ಮ ಹತ್ರ ಇತ್ತಲ್ಲ, ರೀ. ಯಾರು ಬಂದಿದ್ರು?”

“ಅರುಣ್ ಬಂದಿದ್ದ, ಯುಪಿಎಸ್ ನೋಡೋಕೆ.” ಚನ್ನಬಸವ ಲೋಟಗಳನ್ನು ಒಂದರೊಳಗೊಂದು ಇಟ್ಟ, ಮತ್ತೆ ಬಿಡಿಸಿದ. “ಶಶಿಧರ್ ಮೇಷ್ಟ್ರು ವಸ್ತಾರೆಯ ಮನೆಗೆ ಬಂದವ್ರು ಪುಡಿ ತಗೊಂಡು ಹೋದ್ರು. ಕೆಳಗೇ ಕೂತಿದ್ರು, ಮೇಲೆ ಬರಲಿಲ್ಲ.”

“ಮತ್ತೆ?”

“ಅಷ್ಟೇ.”

ಶಶಿಧರ್ ಧನ್ಯಾಳ ಮಾರ್ಗದರ್ಶಕರು. ಅರುಣ್ ಅವಳ ಜೊತೆ ಓದಿದ ಮಲ್ಲಂದೂರಿನ ಹುಡುಗ. ಈಗ ಊರಿನ ಕಾಲೇಜಿನಲ್ಲಿ ಪಾಠ ಮಾಡುತ್ತಾನೆ. ಈ ಯಂತ್ರ ಜೋಡಿಸಲು ಸ್ಕ್ರೂ ಹಿಡಿದು ನಿಂತವನೂ ಅವನೇ.

“ಅರುಣ್ ಅಲ್ಲ ಅತ್ತೆ,” ಎಂದಳು ಧನ್ಯಾ, ತುಸು ಬೇಗನೆ.

ಪ್ರೇಮಕುಮಾರಿ ಕಾರಿನ ಕೀಲಿ ತೆಗೆದುಕೊಂಡಳು.

*

ಮಲ್ಲಂದೂರಿನ ತೋಟದಲ್ಲಿ ಹೂವೆಲ್ಲ ಉದುರಿ ಕಾಳುಮೆಣಸಿಗಿಂತ ಚಿಕ್ಕ ಮಿಡಿ ಕಟ್ಟಿತ್ತು. ಭಾನುವಾರವಾದ್ದರಿಂದ ಅರುಣ್ ಮನೆಯಲ್ಲಿದ್ದ. ಕಣದ ಮೂಲೆಯಲ್ಲಿ ಪಂಪ್‌ಸೆಟ್ಟು ಬಿಚ್ಚಿ ಹರವಿಕೊಂಡು ಕೂತವನು ಕಾರು ನೋಡಿ ಎದ್ದು ನಿಂತ. ಗ್ರೀಸು ಮೆತ್ತಿದ ಕೈಯನ್ನು ಲುಂಗಿಗೆ ಒರೆಸಿಕೊಂಡ.

“ಬನ್ನಿ ಆಂಟಿ. ಧನ್ಯಾ ಹೇಗಿದಾಳೆ?”

“ಆಮೇಲೆ ಹೇಳ್ತೀನಿ. ಹೂಮಳೆಯಲ್ಲಿ ಕರೆಂಟು ಹೋದಾಗ ನೀನು ಮೇಲಿನ ಕೋಣೆಗೆ ಹೋಗಿದ್ದೆ. ಯಂತ್ರ ಮುಟ್ಟಿದ್ಯಾ?”

“ಮುಟ್ಟಿದ್ದೆ.”

“ಅವಳ ಫೈಲು?”

ಅರುಣ್ ಒಂದು ಕ್ಷಣ ಪಂಪ್‌ಸೆಟ್ಟಿನ ಕಡೆ ನೋಡಿದ. “ಕಾಪಿ ಮಾಡ್ಕೊಂಡೆ.”

ಇಷ್ಟು ಸಲೀಸಾಗಿ ಒಪ್ಪಿದ ಕಳ್ಳನನ್ನು ಪ್ರೇಮಕುಮಾರಿ ತನ್ನ ಸರ್ವೀಸಿನಲ್ಲೇ ಕಂಡಿರಲಿಲ್ಲ. ಅವಳಿಗೆ ಸಂಕಟವಾಯಿತು. ಈ ಹುಡುಗನ ಮೇಲೆ ಅವಳಿಗೆ ಮೊದಲಿನಿಂದ ಒಂದು ಆಸೆ ಇತ್ತು. ಅದನ್ನು ಗಂಡನಿಗೆ ಬಿಟ್ಟು ಬೇರೆ ಯಾರಿಗೂ ಹೇಳಿರಲಿಲ್ಲ.

“ಯಾಕೆ ಮಾಡ್ದೆ?”

“ಕರೆಂಟು ಬರೋದು, ಹೋಗೋದು, ಮತ್ತೆ ಬರೋದು. ಡಿಸ್ಕ್ ಸುಟ್ಟು ಹೋಗಿದ್ರೆ ಅವಳು ಇಷ್ಟು ವರ್ಷ ಮಾಡಿದ್ದೆಲ್ಲ ಮಣ್ಣುಪಾಲು. ಅದಕ್ಕೇ ಒಂದು ಪೆನ್ ಡ್ರೈವಿಗೆ ಹಾಕಿಟ್ಟೆ.”

“ಅವಳಿಗೆ ಯಾಕೆ ಹೇಳಲಿಲ್ಲ?”

“ಆಗ ಅವಳು ನನ್ನ ಹತ್ರ ಮಾತಾಡ್ತಿರಲಿಲ್ಲ.”

“ಏನು ಮಾಡಿದ್ದೆ?”

“ಮದುವೆ ಮಾತೆತ್ತಿದ್ದೆ.” ಅವನ ಕಿವಿ ಕೆಂಪಾಯಿತು. “ಥೀಸಿಸ್ ಮುಗಿಯೋವರೆಗೂ ಮುಖ ತೋರಿಸ್ಬೇಡ ಅಂದ್ಲು.”

“ಈಗ?”

“ಈಗ್ಲೂ ತೋರಿಸ್ತಿಲ್ಲ.”

ಪ್ರೇಮಕುಮಾರಿಗೆ ನಗು ಬಂತು. ಆದರೆ ವಿಚಾರಣೆ ನಡುವೆ ನಗುವುದು ಅವಳ ಪದ್ಧತಿಯಲ್ಲ.

“ಅರುಣ್, ನನ್ನ ಮುಖ ನೋಡಿ ಹೇಳು. ಆ ಲೆಕ್ಕ ಈಗ ಬೇರೆಯವನ ಹೆಸರಲ್ಲಿ ಅಚ್ಚಾಗಿದೆ. ನೀನು ತೆಗೆದ ಕಾಪಿಯೇ ಅದು. ಧನ್ಯಾನ ಕಳ್ಳಿ ಅಂತಿದಾರೆ. ಆ ಪೆನ್ ಡ್ರೈವ್ ಯಾರಿಗೆ ಕೊಟ್ಟೆ?”

ಅರುಣನ ಕೈಯಲ್ಲಿದ್ದ ಸ್ಪ್ಯಾನರ್ ಕಣದ ಕಲ್ಲಿನ ಮೇಲೆ ಬಿತ್ತು. ಅವನು ಬಿಳಿಚಿಕೊಂಡದ್ದು ನಟನೆಯಲ್ಲವೆಂದು ಅವಳಿಗೆ ಕಂಡಿತು.

“ಅವಳನ್ನ ಕಳ್ಳಿ ಅಂದ್ರಾ? ಯಾರು ಅಂದಿದ್ದು?” ಎಂದು ಎರಡು ಹೆಜ್ಜೆ ಮುಂದೆ ಬಂದ. ತಟ್ಟನೆ ನಿಂತ. “ಆಂಟಿ, ನಾನು ಅದನ್ನ ಹೊರಗಿನವರಿಗೆ ಕೊಟ್ಟಿಲ್ಲ. ಇನ್ನೊಂದು ಕಾಪಿಯೂ ಇಟ್ಕೊಂಡಿಲ್ಲ. ನನ್ನ ಲ್ಯಾಪ್‌ಟಾಪ್ ತಗೊಂಡು ಹೋಗಿ, ಫೋನ್ ತಗೊಂಡು ಹೋಗಿ.”

“ಯಾರಿಗೆ ಕೊಟ್ಟೆ ಅಂತ ಕೇಳ್ದೆ.”

“ಮನೆಯವರ ಕೈಗೇ ಕೊಟ್ಟೆ. ಚನ್ನಬಸವಣ್ಣಂಗೆ. ಧನ್ಯಾ ಬಂದಾಗ ಕೊಡಿ, ನನ್ನ ಹೆಸರು ಹೇಳ್ಬೇಡಿ ಅಂದೆ. ಆಮೇಲೆ ಒಂದ್ಸಲ ಕೇಳಿದಾಗ, ಕೊಟ್ಟಾಯ್ತು ಅಂದ್ರು.”

ಧನ್ಯಾ ಯಾವ ಪೆನ್ ಡ್ರೈವನ್ನೂ ನೋಡಿರಲಿಲ್ಲ. ನೋಡಿದ್ದರೆ ಅತ್ತೆಗೆ ಹೇಳದೆ ಇರುತ್ತಿರಲಿಲ್ಲ.

“ಲ್ಯಾಪ್‌ಟಾಪ್ ಬೇಡ,” ಎಂದಳು ಪ್ರೇಮಕುಮಾರಿ. ಕಾರಿನ ಬಾಗಿಲು ತೆಗೆಯುತ್ತಾ, “ನಾಳೆ ಅವಳು ಸಮಿತಿ ಮುಂದೆ ಹೋಗ್ತಾಳೆ. ಆ ಕಾಪಿ ಯಾವಾಗ ತೆಗೆದೆ, ಯಾಕೆ ತೆಗೆದೆ ಅಂತ ಅಲ್ಲಿ ಬಂದು ಹೇಳ್ತೀಯಾ?”

“ಅವಳು ಬೇಡ ಅಂದ್ರೂ ಬರ್ತೀನಿ.”

*

ಇಳಿಜಾರಿನ ದಾರಿಯುದ್ದಕ್ಕೂ ಅವಳ ಕಣ್ಣ ಮುಂದೆ ಆ ಲೋಟಗಳೇ. ಒಂದರೊಳಗೊಂದು ಇಟ್ಟು, ಮತ್ತೆ ಬಿಡಿಸಿ. ಅವಳ ಗಂಡನಿಗೆ ಸುಳ್ಳು ಹೇಳಲು ಬಾರದು. ಚಿಕೋರಿ ಹೆಚ್ಚು ಬಿದ್ದಿದ್ದರೆ ಗಿರಾಕಿ ಕೇಳುವ ಮೊದಲೇ ತಾನಾಗಿ ಹೇಳಿಬಿಡುವ ಮನುಷ್ಯ. ಠಾಣೆಯಿಂದ ಸಿಟ್ಟು ಹೊತ್ತು ಬಂದ ದಿನಗಳಲ್ಲಿ ಒಂದು ಮಾತೂ ಕೇಳದೆ ಅನ್ನ ಬಡಿಸುತ್ತಿದ್ದವನು. ಅಂಥವನು ಇವತ್ತು ತನ್ನ ಮುಖ ನೋಡಿ ‘ಅಷ್ಟೇ’ ಅಂದಿದ್ದ.

ಎಷ್ಟೋ ಜನರನ್ನು ಅಳುಕದೆ ವಿಚಾರಿಸಿದವಳಿಗೆ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಇಳಿಯಲು ಮನಸ್ಸಾಗಲಿಲ್ಲ.

ಚನ್ನಬಸವ ಪುಡಿ ಮಾಡುತ್ತಿದ್ದ. ಅವಳನ್ನು ಕಂಡದ್ದೇ ಮಿಷನ್ ನಿಲ್ಲಿಸಿದ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ.

“ಅರುಣ್ ಹೇಳಿದ್ನಾ?” ಎಂದು ಅವನೇ ಕೇಳಿದ.

“ಹೇಳ್ದ. ಪೆನ್ ಡ್ರೈವ್ ಎಲ್ಲಿ, ರೀ?”

ಅವನು ಸ್ಟೂಲಿನ ಮೇಲೆ ಕುಸಿದು ಕೂತ. ಕತ್ತೆತ್ತಿ ಮೇಲಿನ ಕೋಣೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ.

“ವಸಂತಕ್ಕ ಇಸ್ಕೊಂಡು ಹೋದ್ರು.”

“ನಮ್ಮತ್ತಿಗೆನಾ?” ಪ್ರೇಮಕುಮಾರಿಗೆ ತಾನು ಸರಿಯಾಗಿ ಕೇಳಿಸಿಕೊಂಡೆನೇ ಎನ್ನಿಸಿತು. ವಸಂತಮ್ಮ ಎಂದರೆ ಧನ್ಯಾಳ ತಾಯಿ. ಕಳಸದಲ್ಲಿರುವವಳು. ಮೊನ್ನೆಯಿಂದ ಮಗಳಿಗೆ ಬಂದ ಅಪವಾದ ನೆನೆದು ಫೋನಿನಲ್ಲಿ ಅಳುತ್ತಿದ್ದವಳು.

“ಹೂಂ. ಅರುಣ್ ಆಚೆ ಹೋದ, ಸ್ವಲ್ಪ ಹೊತ್ತಿಗೆ ಇವರು ಬಂದ್ರು. ಧನ್ಯಾ ಕೆಲಸದ್ದು ಏನಾದ್ರೂ ಇಲ್ಲಿದ್ಯಾ ಅಂತ ಅವರಾಗೇ ಕೇಳಿದ್ರು. ಇದೆ ಅಂದೆ. ನನ್ನ ಕೈ ಹಿಡ್ಕೊಂಡು, ಮಗಳ ಒಳ್ಳೇದಕ್ಕೇ, ಅವಳಿಗೆ ಮಾತ್ರ ಹೇಳ್ಬೇಡಿ ಅಂದ್ರು. ಹೆತ್ತ ತಾಯಿ ಅಲ್ವಾ ಪ್ರೇಮಾ, ನಾನೇನಂತ ಇಲ್ಲ ಅನ್ಲಿ? ಕೊಟ್ಬಿಟ್ಟೆ. ಅರುಣ್‌ಗೆ ಸುಳ್ಳು ಹೇಳ್ದೆ. ಬೆಳಿಗ್ಗೆ ಧನ್ಯಾ ಎದುರಿಗೆ ನಿಂಗೂ ಹೇಳೋಕಾಗ್ಲಿಲ್ಲ.” ಅವನು ತಲೆ ತಗ್ಗಿಸಿದ. “ಬಯ್ಯಿ. ಬೈದ್ಬಿಡು.”

ಅವನ ನರೆತ ಕೂದಲಿನಲ್ಲಿ ಕಾಫಿಯ ಸಿಪ್ಪೆ ಸಿಕ್ಕಿಕೊಂಡಿತ್ತು. ಪ್ರೇಮಕುಮಾರಿ ಅದನ್ನು ಎರಡು ಬೆರಳಲ್ಲಿ ಹೆಕ್ಕಿ ತೆಗೆದಳು. ಸಿಟ್ಟು ಬರಲೇ ಇಲ್ಲ. ಬಂದದ್ದು ಬೇರೆಯೇ ಒಂದು ಭಯ.

ಅತ್ತಿಗೆಗೆ ಮೊಬೈಲಿನಲ್ಲಿ ಫೋಟೋ ಕಳಿಸುವುದನ್ನೂ ಮಗಳೇ ಕಲಿಸಿದ್ದು. ಅವಳಿಗೇಕೆ ಬೋರಾನಿನ ಲೆಕ್ಕ?

ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಧನ್ಯಾ ಫೋನ್ ಹಿಡಿದು ಇಳಿದು ಬಂದಳು.

“ಅತ್ತೆ, ಅಮ್ಮ ಬರ್ತಿದಾಳಂತೆ. ಆಲ್ದೂರು ದಾಟಿ ಆಗ್ಲೇ ತುಂಬ ಹೊತ್ತಾಯ್ತು ಅಂದ್ಲು. ಅರ್ಧಕ್ಕೆ ನಿಂತ ಲೆಕ್ಕ ಸಿಕ್ತು, ನಾನು ಗೆದ್ದೆ ಅಂತ ಹೇಳಿದ್ರೆ ಖುಷಿ ಪಡೋದು ಬಿಟ್ಟು ಸುಮ್ಮನಾಗ್ಬಿಟ್ಲು. ಜೊತೇಲಿ ಯಾರನ್ನೋ ಕರ್ಕೊಂಡು ಬರ್ತಿದೀನಿ ಅಂದ್ಲು.” ಅವಳು ಅತ್ತೆಯನ್ನೂ ಮಾವನನ್ನೂ ನೋಡಿದಳು. “ಏನಾಯ್ತು? ಅರುಣ್ ಏನಂದ?”

“ಅರುಣ್ ಒಳ್ಳೆ ಹುಡುಗ,” ಎಂದಳು ಪ್ರೇಮಕುಮಾರಿ. “ನಾಳೆ ನಿನ್ನ ಪರವಾಗಿ ಬರ್ತಾನೆ. ಅವನಿಗೆ ಮುಖ ತೋರಿಸು.”

ಧನ್ಯಾ ಏನೋ ಹೇಳಲು ಹೊರಟಳು. ಅಷ್ಟರಲ್ಲಿ ಅಂಗಡಿಯ ಮುಂದೆ ಬಿಳಿ ಕಾರೊಂದು ನಿಂತಿತು.

ಮುಂದಿನ ಬಾಗಿಲಿನಿಂದ ತೆಳ್ಳಗಿನ ಯುವಕನೊಬ್ಬ ಇಳಿದ. ಹಿಂದಿನ ಬಾಗಿಲು ತೆರೆದು, ವಸಂತಮ್ಮನ ಕೈಚೀಲ ತಾನು ಹಿಡಿದು, ಇಳಿಯಲು ಅವಳಿಗೆ ಕೈ ಕೊಟ್ಟ. ಪರಿಚಯದವನ ಹಾಗೆ ಅವಳೂ ಆ ಕೈ ಹಿಡಿದೇ ಇಳಿದಳು.

ಧನ್ಯಾ ಅತ್ತೆಯ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಆ ಮುಖವನ್ನು ಈ ಎರಡು ದಿನವೆಲ್ಲ ಅವಳು ಪರದೆಯ ಮೇಲೆ ನೋಡಿದ್ದಳು. ಪ್ರೇಮಕುಮಾರಿಯೂ ನೋಡಿದ್ದಳು.

“ಬಸವಪ್ರಸಾದ್,” ಎಂದಳು ಧನ್ಯಾ, ಉಸಿರಿನಲ್ಲೇ.

ವಸಂತಮ್ಮ ಮಗಳ ಮುಖ ನೋಡದೆ ನೇರ ನಾದಿನಿಯ ಬಳಿ ಬಂದಳು. ಕಣ್ಣು ಊದಿಕೊಂಡಿದ್ದವು.

“ಪ್ರೇಮಾ, ಧನ್ಯಾನ ಮೇಲೆ ಕಳ್ಸು. ಇವನು ಹೇಳೋದನ್ನ ಮೊದ್ಲು ನೀನೊಬ್ಳೇ ಕೇಳ್ಬೇಕು.”

“ನಾನೆಲ್ಲೂ ಹೋಗಲ್ಲಮ್ಮ,” ಎಂದಳು ಧನ್ಯಾ. ಅತ್ತೆಯ ತೋಳು ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. “ನನ್ನ ಲೆಕ್ಕ ಕದ್ದಿರೋನು ಇವನು. ಹೇಳೋದಿದ್ರೆ ನನ್ನ ಎದುರಿಗೇ ಹೇಳ್ಲಿ.”

ಯುವಕ ಕೈಚೀಲವನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟ.

“ಆ ಪೇಪರ್ ಮೇಲಿರೋದು ನನ್ನ ಹೆಸರು, ನಿಜ,” ಎಂದ. “ಆದ್ರೆ ಬರೆದದ್ದು ನಾನಲ್ಲ, ಕಳಿಸಿದ್ದೂ ನಾನಲ್ಲ. ಅಂಥದ್ದೊಂದು ಇದೆ ಅಂತ ನನಗೆ ಗೊತ್ತಾಗಿದ್ದೇ ನಿಮ್ಮ ಮೇಲೆ ದೂರು ಬಂತು ಅಂತ ಕೇಳಿದ್ಮೇಲೆ.”

“ಹಾಗಾದ್ರೆ ಕಳಿಸಿದ್ದು ಯಾರು?” ಪ್ರೇಮಕುಮಾರಿ ಕೇಳಿದಳು.

ಬಸವಪ್ರಸಾದ್ ವಸಂತಮ್ಮನ ಕಡೆ ತಿರುಗಿದ.

“ಆ ಪೆನ್ ಡ್ರೈವ್ ಯಾರ ಕೈಗೆ ಕೊಟ್ರಿ ಅಂತ ನೀವೇ ಹೇಳ್ತೀರಾ ಅಮ್ಮ, ಇಲ್ಲಾ ನಾನು ಹೇಳ್ಲಾ?”